ಹನ್ನೆರಡು ಗಂಟೆಯ ಹಸಿವು

ಶ್ರೀರಾಂಪುರದಲ್ಲಿ ಹಾಲಿನ ಕ್ರೇಟು ಇಳಿಯುವ ಹೊತ್ತಿಗೆ
ನನ್ನ ಸ್ಕೂಟಿ, ಕಾಲ ಬಳಿ ನೀಲಿ ಪೆಟ್ಟಿಗೆ.
ನಾನು ಬಂದು ಸೂಜಿ ಚುಚ್ಚುವವರೆಗೆ
ಬೀದಿಯಲ್ಲಿ ಒಂದಷ್ಟು ಮನೆ ಉಪವಾಸ,
ಏಕಾದಶಿಯಲ್ಲ, ರಂಜಾನಲ್ಲ,
ಲಿಪಿಡ್ ಪ್ರೊಫೈಲು.

ಬಾಗಿಲು ತೆಗೆದವರ ಮುಖ ನೋಡಿದರೆ ಸಾಕು,
ರಾತ್ರಿ ಯಾರು ಕದ್ದು ತಿಂದರು ಗೊತ್ತಾಗುತ್ತದೆ.
‘ಒಂದೇ ಒಂದು ಬಿಸ್ಕತ್ತಮ್ಮ, ಅದೂ ಮಾರಿ’
ಅನ್ನುತ್ತಾರೆ ಕೋರ್ಟಿನ ಹಳೇ ಅಮೀನರು,
ಮೂವತ್ತು ವರ್ಷ ಕಂಡವರ ಮನೆ ಜಪ್ತಿ ಮಾಡಿದವರು.
ಮುಷ್ಟಿ ಬಿಗಿ ಮಾಡಿ ಸಾರ್, ಅನ್ನುತ್ತೇನೆ.
ಇನ್ನೇನು ಅನ್ನಲಿ.

ಕೊನೆಯದು ಮರಿಯಪ್ಪನಪಾಳ್ಯದ ಒಂದು ಕೋಣೆ,
ದೋಸೆ ಹೊಯ್ಯುವ ವಾಸು ಶೇರಿಗಾರ್.
ಮೊಣಕೈವರೆಗೂ ಕಾವಲಿ ಸಿಡಿದ ಚುಕ್ಕೆ.
ನರ ಹುಡುಕಬೇಕಿಲ್ಲ,
ಸಟ್ಟುಗ ಹಿಡಿದ ಕೈ, ಹಗ್ಗದ ಹಾಗೆ ಎದ್ದು ನಿಂತಿದೆ.
‘ದಿನಕ್ಕೆ ನಾಕು ಕೇಜಿ ಬೆಣ್ಣೆ ಹಾಕ್ತೆ ಮಾರಾಯ್ತಿ,
ನಾಲಿಗೆಗೆ ಒಂದು ಚೂರು ಮುಟ್ಸಿದವ ಅಲ್ಲ.
ಗಂಜಿ, ಉಪ್ಪಿನಕಾಯಿ.
ಅಪ್ಪನೂ ಗಂಜಿಯೇ.
ನಲ್ವತ್ತಾರಕ್ಕೆ ಹೋದ,
ಬಾವಿಕಟ್ಟೆ ಮೇಲೆ ಕೂತವ ಕೂತ ಹಾಗೆ.’

ಅವರ ರೆಪ್ಪೆಯ ಮೂಲೆಯಲ್ಲಿ ಹಳದಿ ಗಂಟು,
ಬೆಣ್ಣೆಯ ಹನಿಯೊಂದು ಹಾರಿ ಬಿದ್ದು
ಒರೆಸದೆ ಅಲ್ಲೇ ಉಳಿದ ಹಾಗೆ.
ಚಾಪೆಯ ಮೇಲೆ ಮಗಳು, ಒಂಬತ್ತೋ ಹತ್ತೋ,
ಟ್ಯೂಬು ತುಂಬುವುದನ್ನೇ ನೋಡುತ್ತಿದ್ದಾಳೆ.

ಲ್ಯಾಬಿನಲ್ಲಿ ಗಿರ್ರನೆ ತಿರುಗಿ ನಿಂತಾಗ
ಅಡಿಯಲ್ಲಿ ಕೆಂಪು, ಮೇಲೆ ತಿಳಿ.
ಅಮೀನರದು ಮಜ್ಜಿಗೆಯಷ್ಟು ಬೆಳ್ಳಗೆ:
ಅದು ಮಾರಿ ಬಿಸ್ಕತ್ತಲ್ಲ.
ಶೇರಿಗಾರರದು ಸ್ವಚ್ಛ. ಬೆಳಕಿಗೆ ಹಿಡಿದರೆ
ಬೆರಳು ಕಾಣುವಷ್ಟು ಸ್ವಚ್ಛ.
ಸಂಜೆ ಯಂತ್ರ ಬರೆಯಿತು,
ಕೆಟ್ಟ ಕೊಬ್ಬು: ಮುನ್ನೂರ ನಲವತ್ತು.

ಹೇಳುವವರು ಡಾಕ್ಟರು. ನಾನು ತೆಗೆಯುವವಳು.
ಡಾಕ್ಟರು ಹೇಳಿದರು ಕೂಡ: ಇದು ತಟ್ಟೆಯಿಂದ ಬಂದದ್ದಲ್ಲ,
ತೊಟ್ಟಿಲಿಂದ ಬಂದದ್ದು, ಮಾತ್ರೆ ಬೇಕು.
ಚೀಟಿ ಜೇಬಿಗೆ ಹಾಕಿಕೊಂಡು
ಶೇರಿಗಾರರು ಮಾರನೇ ದಿನ ಕೆಲಸಕ್ಕೆ ಹಾಜರು.

ಒಂಬತ್ತೂವರೆಗೆ ಹೋಟೆಲಿನ ಮುಂದೆ ನಿಂತೆ.
ಬೆಣ್ಣೆ ಬೇಡ ಅನ್ನುವಷ್ಟರಲ್ಲಿ
ನಿಂಬೆಗಾತ್ರದ ಉಂಡೆ ಬಿದ್ದಾಗಿತ್ತು.
ನನ್ನ ರಕ್ತ ನಾನು ಇನ್ನೂ ನೋಡಿಲ್ಲ, ಆ ಮಾತು ಬೇರೆ.
ಅರ್ಧ ತಿಂದು, ಕಾವಲಿಯ ಪಕ್ಕಕ್ಕೆ ಹೋಗಿ ಹೇಳಿದೆ:
‘ಮಗಳದ್ದೂ ಒಂದು ಸಲ ತೆಗೆದು ನೋಡಬೇಕಂತೆ.’

ಸಟ್ಟುಗ ನಿಂತಿತು.
ಕಾವಲಿಯ ಮೇಲೆ ಮೂರು ದೋಸೆ
ಒಂದಾದ ಮೇಲೊಂದು ಅಂಚಿನಿಂದ ಕಪ್ಪಾಗುತ್ತ ಬಂದವು.
ಬಿಲ್ಲಿನ ಕಡೆಯಿಂದ ಯಾರೋ ಕೂಗಿದರು.

‘ಆರು ಗಂಟೆಗೇ ಬಾ’ ಅಂದರು, ನನ್ನ ಕಡೆ ನೋಡದೆ,
‘ರಾತ್ರಿ ಅವಳಿಗೆ
ಗಂಜಿಯೂ ಕೊಡುದಿಲ್ಲ.’