ಇಸ್ತ್ರಿಯ ಗೆರೆ

ಅರವತ್ತೆರಡು ಜೊತೆ ಸಮವಸ್ತ್ರ,
ನೀಲಿ ಕೋಟು, ಎದೆಗೆ ಅಡ್ಡ ಬಿಳಿ ಪಟ್ಟಿ.
ಶಾರ್ಜಾದಲ್ಲಿ, ರೋಲಾದ ಹಿಂದುಗಡೆ, ನಮ್ಮ ಲಾಂಡ್ರಿಯಲ್ಲಿ
ರಾತ್ರಿ ಎರಡರವರೆಗೆ ಗೆರೆ ಎಳೆದು
ಬೆಳಿಗ್ಗೆ ವ್ಯಾನಿನಲ್ಲಿ ನೇತುಹಾಕಿಕೊಂಡು ಹೋದವನು
ಗೆರೆ ನಿಂತಿದೆಯೇ ನೋಡೋಣ ಅಂತ
ಮೈದಾನದ ಅಂಚಿನಲ್ಲಿ ಐದು ನಿಮಿಷ ನಿಂತೆ.
ಆ ಐದು ನಿಮಿಷ ಮುಗಿದದ್ದು ಫೆಬ್ರವರಿಯಲ್ಲಿ.

ಶಾಲೆಗಳ ಡ್ರಮ್ ತಂಡಗಳ ಪೈಪೋಟಿ ಅದು.
ಬಿಸಿಲು ಕೊಂಚ ಮನುಷ್ಯನಾಗುವ ತಿಂಗಳುಗಳಲ್ಲಿ
ಶನಿವಾರ ಶನಿವಾರ ಒಂದೊಂದು ಊರು:
ಅಜ್ಮಾನ್, ಉಮ್ ಅಲ್ ಕುವೈನ್, ಅಲ್ ಐನ್, ಕೊನೆಗೆ ಫುಜೈರಾ.
ಅಪ್ಪ ಅಮ್ಮಂದಿರು ನೆರಳಿನ ಕುರ್ಚಿಗಳಲ್ಲಿ ಫೋನು ಎತ್ತಿ ಹಿಡಿದು
ತಂತಮ್ಮ ಮಕ್ಕಳನ್ನಷ್ಟೇ ನೋಡುತ್ತಾರೆ.
ಎಲ್ಲರನ್ನೂ ನೋಡುವವರು ನಾವು,
ಸಿಮೆಂಟಿನ ಮೆಟ್ಟಿಲ ತುತ್ತತುದಿಯಲ್ಲಿ,
ಯಾವ ಮಗುವೂ ನಮ್ಮದಲ್ಲದ ನಾಲ್ಕು ಜನ.

ಉಪ್ಪಳದ ಹಸೈನಾರ್, ಶಾಲಾ ಬಸ್ಸಿನ ಡ್ರೈವರು.
ಬಸ್ಸಿನಲ್ಲೇ ಮಲಗಬಹುದಿತ್ತು, ಮಲಗಲಿಲ್ಲ.
ಶಿರ್ವದ ಸೆವ್ರಿನ್ ಬಾಯಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯವರು;
ಅದರೊಳಗೆ ಬ್ಯಾಂಡೇಜಿಗಿಂತ ಚಕ್ಕುಲಿ ಹೆಚ್ಚು.
ಇನ್ನೊಬ್ಬ ಬಿಳಿ ಮೀಸೆಯ ಬಲೂಚಿ,
ಕಾವಲಿನವನೋ ತೋಟದವನೋ, ಕೇಳಿದವರಿಲ್ಲ.
ಬಗಲಲ್ಲಿ ಸದಾ ಕೆಂಪು ಥರ್ಮಾಸು.
ಹಾಗಾಗಿ ಥರ್ಮಾಸ್ ಅಂದೆವು. ಅವನೂ ಓಗೊಟ್ಟ.

ನನ್ನದು ಹರಕು ಹಿಂದಿ, ಅವನದು ಇನ್ನೂ ಹರಕು.
ಆದರೆ ಸುಲೈಮಾನಿ ಬಗ್ಗಿಸಿಕೊಟ್ಟು, ಮುಚ್ಚಳ ಬೋರಲು ಹಾಕಿ,
ಎರಡು ಬೆರಳಲ್ಲಿ ಬಡಿದು ತೋರಿಸುತ್ತಿದ್ದ:
ಇದು ಮಕ್ಕಳು ಬಾರಿಸಿದ್ದು.
ಇದು ಬಾರಿಸಬೇಕಾಗಿದ್ದದ್ದು.
ನಡುವೆ ಒಂದು ಎಳ್ಳಿನಷ್ಟು ವ್ಯತ್ಯಾಸ.
ಮೊದಮೊದಲು ನನಗೆ ಕೇಳಿಸಲೇ ಇಲ್ಲ.
ಡಿಸೆಂಬರಿನ ಹೊತ್ತಿಗೆ ಇಸ್ತ್ರಿಪೆಟ್ಟಿಗೆ ಮೇಜಿಗೆ ತಾಗುವಾಗ
ಒಂದು ಪೆಟ್ಟು ಹಿಂದುಮುಂದಾದರೂ ಕಿವಿ ನಿಮಿರುತ್ತಿತ್ತು.

ಉಮ್ ಅಲ್ ಕುವೈನಿನಲ್ಲಿ ಗಾಳಿಗೆ ಮರಳೆದ್ದು
ತೀರ್ಪುಗಾರರ ಕಾಗದಗಳೆಲ್ಲ ಕಡಲಿನತ್ತ ಹಾರಿದಾಗ
ನಾವೇ ಅಂಕ ಕೊಟ್ಟೆವು:
ಬಾಯಿ ಎಲ್ಲರಿಗೂ ಹತ್ತಕ್ಕೆ ಹತ್ತು,
ಹಸೈನಾರ್ ತನ್ನ ಬಸ್ಸಿನ ಮಕ್ಕಳಿಗೆ ಹನ್ನೊಂದು.
ಥರ್ಮಾಸ್ ಬಹಳ ಹೊತ್ತು ಯೋಚಿಸಿ ಆರೂವರೆ ಅಂದ.
ಎರಡು ವಾರ ಅವನಿಗೆ ಚಕ್ಕುಲಿ ಸಿಗಲಿಲ್ಲ.
ಅವತ್ತೇ ನನ್ನ ಜೇಬಿನಿಂದ ಒಂದು ಲಾಂಡ್ರಿ ಬಿಲ್ಲು ಇಸಿದುಕೊಂಡು
ಹಿಂದುಗಡೆ ಚುಕ್ಕೆ ಗೀಟು ಚುಕ್ಕೆ ಏನೋ ಬರೆದು
ಟೋಪಿಯೊಳಗೆ ಮಡಚಿಟ್ಟ.

ಅಲ್ ಐನಿಗೆ ಅವನು ಬರಲಿಲ್ಲ.
ನಾವು ಅವನ ಜಾಗ ಬಿಟ್ಟೇ ಕೂತೆವು.
ಕೇಳೋಣವೆಂದರೆ ಯಾರನ್ನು? ಏನೆಂದು?
ಹಸೈನಾರ್ ಗೇಟಿನವನ ಮುಂದೆ ಬೆರಳಲ್ಲಿ ಮೀಸೆ ಬರೆದ,
ಥರ್ಮಾಸಿನ ಬಣ್ಣ ಹೇಳಿದ.
ಮೂರು ತಿಂಗಳು ಒಂದೇ ಮೆಟ್ಟಿಲಲ್ಲಿ ಕೂತವನ
ಹೆಸರು ನಮಗೆ ಗೊತ್ತಿರಲಿಲ್ಲ.
ಬಾಯಿ ಡಬ್ಬಿ ತೆರೆಯದೆ ವಾಪಸು ಒಯ್ದರು.

ಫುಜೈರಾ. ಹಿಂದೆ ಬೋಳು ಗುಡ್ಡ, ಮುಂದೆ ಬೇರೆ ಸಮುದ್ರ.
ನೀಲಿ ಕೋಟುಗಳು ಸಾಲಾಗಿ ನಿಂತವು;
ಗೆರೆ ದೂರದಿಂದಲೇ ಕಂಡಿತು.
ಮೊದಲ ಪೆಟ್ಟಿಗೆ ಸರಿಯಾಗಿ ನನ್ನ ಫೋನು ಅದುರಿತು.
"ಲಾಂಡ್ರಿ?" ಅಂತು ಆ ಕಡೆಯ ದನಿ,
ಆಸ್ಪತ್ರೆಯ ಯಾವುದೋ ಯಂತ್ರದ ಟಿಕ್ ಟಿಕ್ ನಡುವೆ.
ನಾನು ಮಾತಾಡಲಿಲ್ಲ.
ಫೋನನ್ನು ಮೈದಾನದ ಕಡೆ ಎತ್ತಿ ಹಿಡಿದೆ,
ಇಷ್ಟು ದಿನ ಯಾರನ್ನು ನೋಡಿ ನಗುತ್ತಿದ್ದೆನೋ
ಆ ಅಪ್ಪ ಅಮ್ಮಂದಿರ ಹಾಗೆಯೇ.
ಏಳು ನಿಮಿಷ. ತೋಳು ಸೋತಾಗ ಹಸೈನಾರ್ ಹಿಡಿದ,
ಆಮೇಲೆ ಬಾಯಿ.

ಮುಗಿದ ಮೇಲೆ ಕಿವಿಗಿಟ್ಟುಕೊಂಡೆ. ಬರೀ ಉಸಿರು.
"ಎಡಗಡೆ ಮೂರನೆಯವನು," ಅಂದ, "ಈಗಲೂ ಅವಸರ."
ತುಸು ತಡೆದು, "ಏಳು."
ಬಾಯಿ ಫೋನು ಕಿತ್ತುಕೊಂಡು, ಹೇಗಿದ್ದೀ ಎಂದೂ ಕೇಳದೆ,
ನಿನ್ನ ಹೆಸರಾದರೂ ಏನು ಎಂದು ಕೊಂಕಣಿಯಲ್ಲೇ ಗದರಿದರು.
ಅರ್ಥವಾಗಿರಬೇಕು.
ಶಂಬೆ, ಅಂದ.
ಅವರ ಕಡೆ ಹುಟ್ಟಿದ ವಾರವನ್ನೇ ಹೆಸರಿಡುವುದುಂಟಂತೆ.
ಶಂಬೆ ಅಂದರೆ ಶನಿವಾರ.

ನಮ್ಮವರು ಮೂರನೆಯವರಾದರು.
ಹಸೈನಾರ್ ಬಸ್ಸಿಗೆ ಓಡಿದ, ಮಕ್ಕಳನ್ನು ಎಣಿಸಲಿಕ್ಕಿತ್ತು.
ನನಗೆ ಅರವತ್ತೆರಡು
ಬೆವರಿದ ಕೋಟು.