ಹದಿನೇಳನೇ ಕಂಬ

ಈ ಊರಿಗೆ ಮೊದಲ ಬಲ್ಬು ಹಾಕಿದವನು ನನ್ನಪ್ಪ.
ಆರಿಸಲು ಹೊರಟವನು ನಾನು.
ಹೆಗಲಿಗೆ ಅದೇ ಏಣಿ, ಸೊಂಟಕ್ಕೆ ಅದೇ ಇಕ್ಕಳ,
ಪುರಸಭೆಯ ಚೀಟಿ ಮಾತ್ರ ಹೊಸದು:
ಐವತ್ತಮೂರು ಕಂಬ, ಅಕ್ಟೋಬರ್ ಕಳೆಯುವುದರೊಳಗೆ.

ಅಜೋರ್ಸ್ ಸಾಲಿನ ಕಟ್ಟಕಡೆಯ ದ್ವೀಪ ನಮ್ಮದು.
ಇದರಾಚೆ ಅಮೆರಿಕದ ತನಕ ಬರೀ ನೀರು.
ಆ ನೀರಿಗೆ ಹಾರಬೇಕಾದ ಮರಿಗಳು
ಬೀದಿಗೆ ಬೀಳುತ್ತವೆ.

ಕಗಾರು ಹಕ್ಕಿಯ ಮರಿ ಬಂಡೆಯ ಬಿಲದಲ್ಲಿ ಬೆಳೆದು
ಒಂದು ರಾತ್ರಿ ತಾನೇ ಹೊರಬರುತ್ತದೆ.
ತಾಯಿ ಆಗಲೇ ಹೊರಟುಹೋಗಿದ್ದಾಳೆ,
ಹೇಳಿಕೊಡುವವರಿಲ್ಲ. ಗೊತ್ತಿರುವುದು ಒಂದೇ:
ಹೊಳೆಯುವುದು ಕಡಲು.
ನಾವು ಹೊಳೆಯಿಸಿದ್ದು ಡಾಂಬರು.

ಬೆಳಗಾದರೆ ಕಾರಿನಡಿ, ಕೋಳಿಗೂಡಿನಲ್ಲಿ,
ಇಗರ್ಜಿಯ ಮೆಟ್ಟಿಲ ಮೇಲೆ ರೆಕ್ಕೆ ಅಗಲಿಸಿಕೊಂಡು
ಬೈಯುವ ಮುದುಕರ ಹಾಗೆ ಕೂತಿರುತ್ತಿದ್ದವು.
ದೆಲ್ಫೀನ ಟೀಚರಿನ ಮಕ್ಕಳು ರಟ್ಟಿನ ಪೆಟ್ಟಿಗೆ ಹಿಡಿದು
ಆಯುತ್ತಿದ್ದರು, ಉಸಿರಿದ್ದವನ್ನು.
ದೀಪದ ಬುಡ ಕತ್ತಲು ಅನ್ನುವುದುಂಟು;
ನಾವು ಅಷ್ಟು ಕತ್ತಲನ್ನೂ ಉಳಿಸಿರಲಿಲ್ಲ.

ಹದಿನೇಳನೇ ಕಂಬದ ಬುಡದಲ್ಲಿ ಜುಲ್ಮೀರ
ಕುರ್ಚಿ ಹಾಕಿಕೊಂಡು ಕೂತಿದ್ದಳು.
ಏಣಿ ಊರಲು ಜಾಗವಿಲ್ಲ.

"ನಿನ್ನಪ್ಪ ಈ ದೀಪ ಹಾಕಿದ ರಾತ್ರಿ
ಬೀದಿಯಲ್ಲೇ ಕೂತು ಬಲೆ ಹೆಣೆದೆ ನಾನು, ಗೊತ್ತಾ?
ಗಂಟು ಕಣ್ಣಿಗೆ ಕಂಡಿತು.
ಅದಕ್ಕೂ ಮುಂಚೆ ತಿಮಿಂಗಿಲದೆಣ್ಣೆಯ ಹೊಗೆ, ಕೆಮ್ಮು.
ನನ್ನ ಚೊಚ್ಚಲ ಮಗು ಹುಟ್ಟಿದಾಗ ಸೂಲಗಿತ್ತಿ
ಕೈಯಲ್ಲಿ ತಡವಿ ಹೇಳಿದಳು, ಗಂಡೆಂದು.
ಕತ್ತಲು ಚೆಂದ ಅನ್ನುವವರು ಯಾರೂ
ಅದರಲ್ಲಿ ಹೆತ್ತವರಲ್ಲ, ಗ್ವಾಲ್ತೇರ್."

ನನ್ನ ಹತ್ತಿರ ಉತ್ತರವಿರಲಿಲ್ಲ.
ಚೀಟಿಯಲ್ಲೂ ಇರಲಿಲ್ಲ.

ಹದಿನೇಳನ್ನು ಬಿಟ್ಟು ಉಳಿದವನ್ನು ಮುಗಿಸಿದೆ.
ಕಣ್ಣು ಚುಚ್ಚುವ ಬಿಳಿಯದನ್ನು ಇಳಿಸಿ ಜೇನಿನ ಬಣ್ಣದ್ದು ಏರಿಸಿ
ತಲೆಗೆ ತಗಡಿನ ಮುಸುಕು ಕಟ್ಟಿದೆ.
ರಾತ್ರಿ ಹತ್ತಾದ ಮೇಲೆ ಅದೂ ಇಲ್ಲ.

ನಾಲ್ಕನೆಯ ದಿನ ಅವಳೇ ಕೂಗಿದಳು:
"ನನಗೆ ಬೇಕಾದಷ್ಟು ಬಿಡು. ಮೆಟ್ಟಿಲು, ಬೀಗ, ಬೆಕ್ಕು."
ಸೊಂಟ ಹಿಡಿದುಕೊಂಡು ಬಗ್ಗಿ
ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು.
ಬೆಳಕು ಆ ಗೆರೆ ದಾಟದ ಹಾಗೆ
ಸಂಜೆಯೆಲ್ಲ ತಗಡು ಕತ್ತರಿಸಿದೆ.

ಮೊದಲ ರಾತ್ರಿ ಊರೇ ತಡವರಿಸಿತು.
ಪಾದ್ರಿ ಹೂಕುಂಡ ಎಡವಿದರು.
ಬಾರಿನಿಂದ ಹೊರಟ ಎವರಿಸ್ತು ತನ್ನ ಮನೆಯೆಂದು
ನನ್ನ ಬಾಗಿಲು ಬಡಿದ, ಹೆಂಡತಿಯನ್ನು ಕರೆದ.
ಆಮೇಲೆ ಕಣ್ಣು ಮೆಲ್ಲಗೆ ಕಲಿಯಿತು.
ಬಿಳಿ ಗೋಡೆ ಮೊದಲು, ಆಮೇಲೆ ಅಲೆಯ ಅಂಚು,
ಆಮೇಲೆ ಹಾಲುಹಾದಿ ಬಂತು.
ಬಂತು ಅಂತ ಬರೆದು ಹೊಡೆದುಹಾಕುತ್ತೇನೆ.
ಅದೆಲ್ಲಿಗೆ ಹೋಗಿತ್ತು, ಬರಲು?

ಜುಲ್ಮೀರ ಗೆರೆಯಂಚಿಗೆ ಬಂದು
ಕತ್ತು ನೋಯುವ ತನಕ ಮೇಲೆ ನೋಡಿದಳು.
"ಇಷ್ಟೊಂದು ಬೇಕೆಂದು ಯಾರು ಕೇಳಿದ್ದರು?"
ಅಂದವಳೇ ಬಾಗಿಲು ಹಾಕಿಕೊಂಡಳು.

ಹೋದ ವರ್ಷ ಪೆಟ್ಟಿಗೆ ಸಾಲದೆ
ಮೀನಿನ ಬುಟ್ಟಿ ಎರವಲು ತಂದಿದ್ದರು ಮಕ್ಕಳು.
ಈ ವರ್ಷ ಬಿದ್ದದ್ದು ಒಂಬತ್ತು.
ಒಂಬತ್ತರಲ್ಲಿ ಒಂದು ಸೀಮೆಸುಣ್ಣದ ಗೆರೆಯೊಳಗೇ.

ಬೆಳಕು ಹರಿಯುವ ಮುಂಚೆ ಬಂದು ಕದ ತಟ್ಟಿದಳು.
ರೊಟ್ಟಿಯ ಬುಟ್ಟಿ, ಅದರೊಳಗೆ ಗಂಡನ ಉಣ್ಣೆಯಂಗಿ,
ಅಂಗಿಯೊಳಗಿಂದ ಕೊಕ್ಕು.
ದೀಪದ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.
ಬಂಡೆಯ ತುದಿಗೆ ನಡೆದೆವು.
ನನ್ನ ಕೈ ಟಾರ್ಚಿಗೆ ಹೋಯಿತು, ಹಳೆಯ ಚಟ;
ಕೈಮೇಲೆ ಒಂದು ಏಟು ಬಿತ್ತು.

ಎರಡೂ ಅಂಗೈಯಲ್ಲಿ ಎತ್ತಿ ಹಿಡಿದಳು.
ಗಾಳಿ ಬಂತು. ಭಾರ ಹೋಯಿತು.
ಎತ್ತ ಹೋಯಿತೋ ಇಬ್ಬರಿಗೂ ಕಾಣಲಿಲ್ಲ.

ವಾಪಸು ಬಂದಾಗ ಹದಿನೇಳನೇ ಕಂಬ ಉರಿಯುತ್ತಿತ್ತು.
ಆರಿಸಲೇ ಎಂದು ನಾನು ಕೇಳಲಿಲ್ಲ.
ನಡುಗುವ ಕೈ ಹಿಡಿದ ಬೀಗದ ಕೈ
ಆ ಚಿಕ್ಕ ಬೆಳಕಿನಲ್ಲಿ
ತೂತು ಹುಡುಕುತ್ತಿತ್ತು.