ಮೂರನೇ ಸಾಲು, ಹದಿನೇಳನೇ ಗೂಡು

ಶಿವ್ಡಿಯ ಸ್ಮಶಾನದಲ್ಲಿ ಮಣ್ಣು ಯಾರ ಸ್ವಂತದ್ದೂ ಅಲ್ಲ.
ಕೆಲವೇ ವರ್ಷದ ಬಾಡಿಗೆ. ಆಮೇಲೆ ಚೀಟಿ ಬರುತ್ತದೆ:
ನಿಮ್ಮವರನ್ನು ತೆಗೆಯಿರಿ,
ಹಿಂದೆ ಸಾಲು ನಿಂತಿದೆ.

ಹಾಗಾಗಿ ಮಾರ್ಚಿಯ ಒಂದು ಬೆಳಿಗ್ಗೆ, ಬಿಸಿಲೇರುವ ಮುಂಚೆ,
ಅಮ್ಮ, ನಾನು, ನನ್ನ ಮಗ ಎಬೆನ್
ಬಬನ್ ಸಾಳ್ವೆಯ ಗುದ್ದಲಿಯ ಹಿಂದೆ ನಡೆದೆವು.

ಅಪ್ಪ, ಎಲೀಷ ಜತ್ತನ್ನ,
ಫೋರ್ಟಿನ ಐದು ಮಾಳಿಗೆಯ ಕಟ್ಟಡದ ಲಿಫ್ಟ್‌ಮನ್.
ಮೂವತ್ತೊಂದು ವರ್ಷ ಕಂಡವರನ್ನೆಲ್ಲ ಮೇಲಕ್ಕೊಯ್ದು
ಸಂಜೆ ತಾನೊಬ್ಬನೇ ಕೆಳಗಿಳಿಯುತ್ತಿದ್ದ.
ಜಾಲರಿ ಬಾಗಿಲು, ಹಿತ್ತಾಳೆಯ ಹಿಡಿ, ಒಂದು ಕುಂಟು ಸ್ಟೂಲು.
ಮೇಲಿನಿಂದ ಗಂಟೆ ಒತ್ತಿದರೆ
ಊಟದ ಡಬ್ಬಿ ಅರ್ಧಕ್ಕೆ ಮುಚ್ಚಿ ಏಳುವನು.
"ಕರೆದದ್ದು ಯಾಕೆಂದು ಕೇಳುವುದಿಲ್ಲ,
ಯಾವ ಮಾಳಿಗೆ ಅಂತ ಮಾತ್ರ ನೋಡುವುದು."

ಕೊನೆಯ ವಾರ, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು, ನನಗೆ ಹೇಳಿದ:
"ಸಾವೂ ನನ್ನಂಥದ್ದೇ ಮಗಾ, ಖಾಕಿ ಹಾಕಿದ ಆಳು.
ಬಾಗಿಲು ಎಳೆಯುತ್ತದೆ, ಹಿಡಿ ತಿರುಗಿಸುತ್ತದೆ.
ಕಟ್ಟಡ ಅದರದ್ದಲ್ಲ."

ನನಗಾಗ ಸಿಟ್ಟು ಬಂದಿತ್ತು.
ಆಳಿನ ಕೈಗೆ ಇಷ್ಟು ಬಲ ಯಾಕೆ ಕೊಟ್ಟ ಧಣಿ?

ಪೆಟ್ಟಿಗೆ ಉಳಿದಿರಲಿಲ್ಲ. ಹಲಗೆಯೆಂದು ಊಹಿಸಬಹುದಾದ ಕಪ್ಪು ಚೂರು,
ಕೋಟಿನ ಎರಡು ಗುಂಡಿ.
ಬಬನ್ ಬರಿಗೈಯಲ್ಲಿ ಒಂದೊಂದೇ ಎತ್ತಿಕೊಟ್ಟ,
ಮೊಟ್ಟೆ ಎಣಿಸುವವನ ಜಾಗ್ರತೆ.
ಅಮ್ಮ ಹಳೆಯ ವಾಯಿಲ್ ಸೀರೆ ಹಾಸಿ ಕೂತಿದ್ದಳು.
ಒರೆಸಿದಳು. ಅಳಲಿಲ್ಲ.
ದವಡೆಯ ಹಲ್ಲೊಂದನ್ನು ತಿರುಗಿಸಿ ನೋಡಿ
"ಅಷ್ಟು ಕಾಟ ಕೊಟ್ಟದ್ದು, ಇದೊಂದು ಕೊನೆಗೂ ಬೀಳಲಿಲ್ಲ" ಎಂದಳು.

ಆಮೇಲೆ ಸಿಕ್ಕಿತು ತೊಡೆಯ ಸಲಾಕೆ,
ಸಾಯನ್ ಆಸ್ಪತ್ರೆಯಲ್ಲಿ ಸಾಲ ಮಾಡಿ ಹಾಕಿಸಿದ ಸ್ಟೀಲು.
ತುಕ್ಕಿಲ್ಲ, ಕಲೆಯಿಲ್ಲ.
ಇಡೀ ಗುಂಡಿಯಲ್ಲಿ ಅದೊಂದೇ ಸಾಯದೆ ಮಲಗಿತ್ತು.
ಎಬೆನ್ ಕೇಳಿದ: "ಅಜ್ಜ ಏಳುವಾಗ ಇದೂ ಏಳುತ್ತದಾ?"
ನಾನು ಬಾಯಿ ತೆರೆಯುವ ಮುಂಚೆ
ಅಮ್ಮ ಅದನ್ನೆತ್ತಿ ಸೀರೆಯಿಂದ ಆಚೆ ಇಟ್ಟಳು,
ಅಕ್ಕಿಯಲ್ಲಿ ಸಿಕ್ಕ ಕಲ್ಲಿನ ಹಾಗೆ.
"ಅವರಿಗೆ ಆ ದಿನ ಇದು ಬೇಡ."

ಅಷ್ಟೇ. ನಾಳೆ ಹಾಲು ಬೇಡ ಎಂದು
ಭಯ್ಯಾನಿಗೆ ಹೇಳುವ ದನಿ.
ನನ್ನ ತರ್ಕವೆಲ್ಲ ಆ ದನಿಯ ಎದುರು
ಒಮ್ಮೆ ಕೆಮ್ಮಿ ಸುಮ್ಮನಾಯಿತು.
ನಂಬಿದೆ ಎಂದಲ್ಲ.
ಕುಂಟದೆ ನಡೆದು ಬರುವ ಅಪ್ಪನನ್ನು
ಎಷ್ಟೋ ವರ್ಷದ ಮೇಲೆ ಕಂಡೆ, ಒಂದು ಗಳಿಗೆ.

ಕಚೇರಿಯಲ್ಲಿ ಗುಮಾಸ್ತ ಗೂಡಿನ ಅರ್ಜಿ ತುಂಬಿದ.
ಹೆಸರು. ಸಂಬಂಧ. ಎಷ್ಟು ಕಾಲಕ್ಕೆ?
ಅಮ್ಮ ಮುರುಕು ಮರಾಠಿಯಲ್ಲಿ ಹೇಳಿದಳು: ಅವನು ಬರುವ ತನಕ.
ಯಾರೆಂದು ಅವನು ಕೇಳಲಿಲ್ಲ.
ಹತ್ತು ವರ್ಷ ಎಂದು ಬರೆದು ಠಸ್ಸೆ ಒತ್ತಿದ.

ಬಬನ್ ಏಣಿ ಹತ್ತಿ ಗೂಡು ಮುಚ್ಚುತ್ತಿದ್ದ.
"ನೆಲಮಾಳಿಗೆಯಿಂದ ಸೀದಾ ಮೂರನೆಯದಕ್ಕೆ" ಎಂದೆ, ನಗಿಸಲೆಂದು.
ಅಮ್ಮ ನಗಲಿಲ್ಲ. ಕತ್ತೆತ್ತಿ
ಗೋಡೆ ಮುಗಿದ ಮೇಲೆ ಏನಿದೆಯೋ ಅದನ್ನು ನೋಡುತ್ತಿದ್ದಳು.
ಕೊಲ್ಲಿಯ ಕೆಸರಿನ ಕಡೆಗೆ ಫ್ಲೆಮಿಂಗೋಗಳ ಒಂದು ಸಾಲು ಹಾದುಹೋಯಿತು,
ಯಾರೂ ತೋರಿಸಲಿಲ್ಲ.

ಸ್ಟೇಷನ್ನಿನ ಸೇತುವೆ ಹತ್ತುವಾಗ
ಅಮ್ಮ ಎಬೆನ್‌ನ ಕೈ ಹಿಡಿದು ಮುಂದೆ ಹೋದಳು.
ಯಾರಿಗೂ ಹೇಳದೆ ನಾನು ಚೀಲಕ್ಕೆ ಹಾಕಿಕೊಂಡ ಸಲಾಕೆ
ಮೆಟ್ಟಿಲು ಮೆಟ್ಟಿಲಿಗೂ
ನನ್ನ ತೊಡೆಗೆ ಬಡಿಯುತ್ತಿತ್ತು.